ಅತ್ತೆಯ ಜೊತೆ ಊರು ನೋಡಿದ್ದು

ಮೇ 12, ಸೋಮವಾರ

ಮಹೇಂದ್ರನ ತಾಯಿ ಇನ್ನೂ ಹೋಗಿಲ್ಲ.

ಫೆಬ್ರವರಿಯಲ್ಲಿ ಅವನು ತೀರಿಹೋದ ದಿನ ಊರಿಂದ ಬಂದವರು. ತಿಥಿ ಮುಗಿದ ಮೇಲೆ ಹೊರಡುತ್ತಾರೆ ಅಂದುಕೊಂಡಿದ್ದೆ. ಮೂರು ತಿಂಗಳಾಯಿತು. ಹಾಲ್‌ನಲ್ಲಿ ಚಾಪೆ ಹಾಸಿಕೊಂಡು, ಎಲೆ ಅಡಿಕೆ ಚೀಲ ತಲೆದಿಂಬಿನ ಪಕ್ಕ ಇಟ್ಟುಕೊಂಡು, ಬಾಗಿಲಿಗೆ ಅಡ್ಡ ಮಲಗುತ್ತಾರೆ. ಯಾಕೆ ಇದ್ದಾರೋ ಗೊತ್ತಿಲ್ಲ. ಕೇಳುವಷ್ಟು ಸಲುಗೆ ನಮ್ಮಿಬ್ಬರಿಗೆ ಯಾವತ್ತೂ ಇರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ನಮ್ಮ ಮದುವೆಗೆ ಅವರೂ ಬರಲಿಲ್ಲ, ನಮ್ಮ ಮನೆಯವರೂ ಬರಲಿಲ್ಲ. ನಮ್ಮ ತಾತ ಅರಮನೆಗೆ ಪಂಚಾಂಗ ಬರೆಯುತ್ತಿದ್ದವರು. ಮಹೇಂದ್ರನ ಮನೆಯವರು ಕಡಕೊಳದ ಆಚೆ ರಾಗಿ, ಹುರುಳಿ ಬೆಳೆಯುವವರು. ಹಬ್ಬಕ್ಕೆ ಹೋದಾಗ ಊಟಕ್ಕೆ ಬಡಿಸುತ್ತಿದ್ದರು, ಅಷ್ಟೆ. 'ಚಂದ್ರಮತಿ' ಅಂತ ಅವರು ನನ್ನ ಹೆಸರು ಹಿಡಿದು ಕರೆದದ್ದು ನೆನಪಿಲ್ಲ. 'ಇವಳೇ' ಅನ್ನುತ್ತಾರೆ.

ಡಾಕ್ಟರ್ ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ತಮ್ಮ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ರಾತ್ರಿ ಹೋಗಿ ಕೈ ಚಾಚಬೇಕು, ಒಂದು ಕೊಡುತ್ತಾರೆ. ನಾನೇನು ಚಿಕ್ಕ ಮಗುವೇ.

ಸ್ನಾನ ಮಾಡುವಾಗ ಮಧ್ಯಾಹ್ನ ಆಗಿತ್ತು.

ಮೇ 19, ಸೋಮವಾರ

ಊಟ ಆದಮೇಲೆ ಮಲಗಿದ್ದೆ. ಬಂದು ನಿಂತರು.

"ಎದ್ದು ಸೀರೆ ಉಟ್ಕ. ಆಧಾರ್ ಕಾರ್ಡ್ ತಕ್ಕ."

ಬ್ಯಾಂಕಿನ ಕೆಲಸವೇನೋ ಅಂದುಕೊಂಡು ಹೊರಟೆ. ಸಿಟಿ ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿದೆವು. ಅಲ್ಲಿ ನಿಂತಿದ್ದ ಇನ್ನೊಂದು ಬಸ್ ಹತ್ತಿಬಿಟ್ಟರು. ಬೋರ್ಡ್ ನೋಡಿದೆ, ಇಲವಾಲ.

"ಇಲವಾಲದಲ್ಲಿ ಏನು ಕೆಲಸ ನಿಮಗೆ?"

"ಕೆಲ್ಸ ಇದ್ರೇನೇ ಓಗ್ಬೇಕಾ? ಎಂಗಸ್ರಿಗೆ ಪುಗಸಟ್ಟೆ ಬುಟ್ಟವ್ರೆ. ಕೂತ್ಕಂಡ್ ನೋಡದು, ವಾಪಸ್ ಬರದು."

ಕಂಡಕ್ಟರ್ ಎರಡು ಸೊನ್ನೆ ಟಿಕೆಟ್ ಹರಿದುಕೊಟ್ಟ. ನನ್ನನ್ನು ಕಿಟಕಿ ಕಡೆ ತಳ್ಳಿ ಅವರು ಈಚೆ ಕೂತರು. ಇಲವಾಲದಲ್ಲಿ ಇಳಿದು, ಹತ್ತು ನಿಮಿಷ ನಿಂತು, ಅದೇ ಬಸ್ಸಿನಲ್ಲಿ ಹಿಂದಿರುಗಿದೆವು. ಬಿಸಿಲು. ಬೆವರು. ನೋಡುವಂಥದ್ದು ಏನೂ ಇರಲಿಲ್ಲ.

ಹುಣಸೂರು ರಸ್ತೆಯಲ್ಲಿ ಗುಲ್‌ಮೊಹರ್ ಹೂ ಬಿಟ್ಟಿದೆ. ಆ ರಸ್ತೆಯಲ್ಲಿ ಮಹೇಂದ್ರನ ಬೈಕಿನ ಹಿಂದೆ ಎಷ್ಟು ಸಲ ಹೋಗಿದ್ದೇನೋ. ನನಗೆ ಕಾಣುತ್ತಿದ್ದದ್ದು ಅವನ ಹೆಲ್ಮೆಟ್ಟು.

ಮೇ 20, ಮಂಗಳವಾರ

ಇವತ್ತೂ ಹೋದೆವು. ಬನ್ನೂರು ರಸ್ತೆ ಕಡೆ. ತಲೆನೋವು.

ಮೇ 28, ಬುಧವಾರ

ಕೆಆರ್‌ಎಸ್ ಬಸ್ ಹತ್ತಿದಾಗಲೇ ನಾನು ಬೇಡ ಅನ್ನಬೇಕಾಗಿತ್ತು. ಅದು ಮೇಟಗಳ್ಳಿ ಮೇಲೆ ಹೋಗುತ್ತದೆ. ಮಹೇಂದ್ರನ ಫ್ಯಾಕ್ಟರಿ ಗೇಟಿನ ಮುಂದೆಯೇ.

ಶಿಫ್ಟ್ ಬಿಡುವ ಹೊತ್ತು. ಗೇಟಿನಿಂದ ನೀಲಿ ಅಂಗಿಯವರು ಹೊರಗೆ ಬರುತ್ತಿದ್ದರು. ಕ್ಯಾರಿಯರ್ ಕೈಯಲ್ಲಿ, ಹೆಲ್ಮೆಟ್ ಮೊಣಕೈಯಲ್ಲಿ. ಎಲ್ಲರೂ ಹಿಂದಿನಿಂದ ಒಂದೇ ಥರ ಕಾಣುತ್ತಾರೆ. ಒಬ್ಬನ ನಡಿಗೆ ಅವನ ಹಾಗೇ ಇತ್ತು, ಎಡಗಾಲು ಸ್ವಲ್ಪ ಹೊರಗೆ ಹಾಕಿ. ನಾನು ಕಿಟಕಿಯ ಕಂಬಿ ಹಿಡಿದುಕೊಂಡೆ.

"ಇದೇನಾ?" ಅಂತ ಕೇಳಿದರು ಮಹೇಂದ್ರನ ತಾಯಿ.

"ಹೂಂ."

"ನಾನ್ ನೋಡೇ ಇರ್ನಿಲ್ಲ. ಒಂದ್ಸಲ ತೋರಿಸ್ತೀನಿ ಬಾರವ್ವ ಅಂತಿದ್ದ. ಕಳೆ ಕೀಳದು ಅದೆ ಅಂತಿದ್ದೆ."

ಬಸ್ ಮುಂದಕ್ಕೆ ಹೋದರೂ ಅವರು ಕತ್ತು ತಿರುಗಿಸಿ ಆ ಗೇಟನ್ನೇ ನೋಡುತ್ತಿದ್ದರು. ಅವರು ಈಚೆ ಸೀಟಿನಲ್ಲಿದ್ದದ್ದರಿಂದ ಸರಿಯಾಗಿ ಕಂಡಿರಲಾರದು. ಬೆಳಗೊಳ ದಾಟಿದ ಮೇಲೆ ನಾಲೆ ಬಂತು, ಅದರ ಪಕ್ಕ ಭತ್ತದ ಗದ್ದೆ, ಕೊಕ್ಕರೆಗಳು. ಬರುವಾಗ ಅವರನ್ನೇ ಕಿಟಕಿ ಪಕ್ಕ ಕೂರಿಸಿದೆ.

ಜೂನ್ 4, ಬುಧವಾರ

ಬೆಟ್ಟಕ್ಕೆ ಹೋದೆವು. ದೇವಸ್ಥಾನದ ಕಡೆ ಹೋಗಲಿಲ್ಲ. ಸಾವಾದ ಮನೆಯವರು ವರ್ಷ ತುಂಬುವವರೆಗೆ ಬೆಟ್ಟದ ದೇವರಿಗೆ ಹೋಗಬಾರದಂತೆ, ಅದನ್ನು ಮಹೇಂದ್ರನ ತಾಯಿ ಸರೋಜಮ್ಮನವರೇ ಹೇಳಿದರು. ಹಾಗಾದರೆ ಯಾಕೆ ಕರೆದುಕೊಂಡು ಬಂದಿರಿ ಅಂತ ಕೇಳಿದರೆ ವ್ಯೂ ಪಾಯಿಂಟಿನ ಕಟ್ಟೆಗೆ ಹೋಗಿ ನಿಂತರು.

ಮಳೆ ಬಂದು ನಿಂತಿತ್ತು. ಧೂಳು ಇರಲಿಲ್ಲ. ಲಲಿತಮಹಲ್ ಬೆಳ್ಳಗೆ, ಅರಮನೆಯ ಗೋಪುರಗಳು, ಚರ್ಚಿನ ಎರಡು ಶಿಖರ, ಕಾರಂಜಿ ಕೆರೆ. ಒಂದೊಂದಾಗಿ ತೋರಿಸಿದೆ.

"ನಮ್ಮನೆ ಎಲ್ಲಿ?"

ಹುಡುಕಿದೆ. ಕುಕ್ಕರಹಳ್ಳಿ ಕೆರೆಯ ನೀರು ಸಣ್ಣಗೆ ಹೊಳೆಯುತ್ತಿತ್ತು. ಅದರ ಈಚೆಗೆ ಸರಸ್ವತಿಪುರಂ, ಅಲ್ಲೆಲ್ಲೋ ಅಂದೆ. ಅವರು ಕಣ್ಣಿಗೆ ಕೈ ಮರೆ ಮಾಡಿ ಬಹಳ ಹೊತ್ತು ನೋಡಿದರು.

"ಎಷ್ಟ್ ಮನೆ ಅವೆ, ಅಲ್ವಾ? ಒಂದೊಂದ್ರಲ್ಲೂ ಯಾರಾದ್ರೂ ಸತ್ತೇ ಇರ್ತಾರೆ."

ಚುರುಮುರಿ ಕೊಡಿಸಿದೆ. ಖಾರ ಜಾಸ್ತಿ ಅಂತ ಬೈದುಕೊಂಡು ಪೂರ್ತಿ ತಿಂದರು.

ಜೂನ್ 8, ಭಾನುವಾರ

ಅಶೋಕ ಬಂದಿದ್ದ. ಮಹೇಂದ್ರನ ತಮ್ಮ. ಊರಲ್ಲಿದ್ದುಕೊಂಡು ಕಡಕೊಳದ ಫ್ಯಾಕ್ಟರಿಗೆ ಹೋಗುತ್ತಾನೆ. ತೆಂಗಿನಕಾಯಿ, ಅವರೆಕಾಳು ತಂದಿದ್ದ. ಕಾಫಿ ಕುಡಿದು ಲೋಟ ಕೆಳಗಿಟ್ಟು ಶುರು ಮಾಡಿದ.

"ಅವ್ವ, ವರ್ಷ ತುಂಬೋಗಂಟ ಬೆಟ್ಟ ಅತ್ತಬಾರ್ದು ಅಂತ ನಮಗೆಲ್ಲಾ ಹೇಳಿಕೊಟ್ಟೋಳೇ ನೀನು. ಈಗ ನೀನೇ ಓಗಿ ಚುರುಮುರಿ ತಿಂದ್ಕಂಡ್ ಬಂದಿದ್ದೀಯ ಅಂತ ಊರೆಲ್ಲಾ ಆಡ್ಕತಾವ್ರೆ."

"ಯಾರ್ ನೋಡಿದ್ದು?"

"ಮಂಚಮ್ಮತ್ತೆ. ಅಣ್ಣ ಸತ್ತು ಇನ್ನೂ ಆರು ತಿಂಗಳಾಗಿಲ್ಲ, ಅತ್ತೆ ಸೊಸೆ ಬಸ್ಸಲ್ಲಿ ಊರ್ ಸುತ್ತುತಾವ್ರೆ ಅಂತ ಹೇಳ್ಕಂಡ್ ಬತ್ತಾವ್ಳೆ."

"ಅವಳ್ ಯಾಕ್ ಓಗಿದ್ಲಂತೆ?"

"ದೇವ್ರ ನೋಡಕ್ಕೆ."

"ನಾನ್ ದೇವ್ರ ನೋಡಕ್ ಓಗಿಲ್ಲ ಕಣ್ಲಾ. ಊರ್ ನೋಡಕ್ ಓಗಿದ್ದು. ಗುಡಿ ಒಳಕ್ಕೆ ಕಾಲಿಟ್ಟಿಲ್ಲ. ಆ ತಾಯಿಗೆ ನನ್ನ ನೋಡ್ಬೇಕು ಅಂತಿದ್ರೆ ಅವಳೇ ಈಚೆಗ್ ಬರ್ಲಿ."

ನನಗೆ ನಗು ಬಂದುಬಿಟ್ಟಿತು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ.

ಹೊರಡುವಾಗ ಅಶೋಕ ಮೆಟ್ಟಿಲ ಹತ್ತಿರ ನಿಂತು ಮೆಲ್ಲಗೆ ಹೇಳಿದ: "ಅತ್ತಿಗೆ, ವರ್ಷಿಣಿಗೆ ಆಗಸ್ಟಿಗೆ ದಿನ ತುಂಬುತ್ತೆ. ಅವಳಿಗೆ ತಾಯಿ ಇಲ್ಲ, ನಿಮಗೆ ಗೊತ್ತಲ್ಲ. ಅವ್ವನ್ನ ಕಳಿಸಿಕೊಡಿ."

"ನಾನೇನು ಹಿಡಿದಿಟ್ಟುಕೊಂಡಿಲ್ಲ" ಅಂದೆ. ಸ್ವಲ್ಪ ಒರಟಾಗಿ ಬಂತು ಮಾತು. ಪಾಪ, ಅವನದೇನು ತಪ್ಪಿಲ್ಲ.

ಜೂನ್ 22, ಭಾನುವಾರ

ಭಾನುವಾರ ಸಂಜೆ ಅರಮನೆಗೆ ದೀಪ ಹಾಕುತ್ತಾರೆ. ಈ ಊರಲ್ಲೇ ಹುಟ್ಟಿದವಳು ನಾನು, ಕೊನೆಯ ಸಲ ನೋಡಿದ್ದು ಶಾಲೆಯಲ್ಲಿದ್ದಾಗ. ಒಳಗೆ ನೂಕುನುಗ್ಗಲು. ನಾವು ಹೊರಗೆ, ಗೇಟಿನ ಎದುರು ಫುಟ್‌ಪಾತಿನಲ್ಲಿ ನಿಂತೆವು. ಬಲೂನು ಮಾರುವವರು, ಕೇರಳದ ಟೂರಿಸ್ಟ್ ಬಸ್ಸಿನವರು, ಟಾಂಗಾದವರು, ಎಲ್ಲರೂ ಒಂದೇ ಕಡೆ ಮುಖ ಮಾಡಿ ಕಾಯುತ್ತಿದ್ದರು. ಏಳಕ್ಕೆ ಒಟ್ಟಿಗೆ ಹೊತ್ತಿಕೊಂಡಿತು. 'ಓ' ಅಂತ ರಸ್ತೆಯೆಲ್ಲ ಕೂಗಿತು. ನನ್ನ ಬಾಯಿಂದಲೂ ಬಂತು.

"ಕರೆಂಟ್ ಬಿಲ್ ಯಾರ್ ಕಟ್ತಾರೆ?" ಅಂದರು ಅತ್ತೆ.

ನಮ್ಮ ತಾತನ ವಿಷಯ ಹೇಳಿದೆ. ಯುಗಾದಿಗೆ ಮುಂಚೆ ರೇಷ್ಮೆ ಪಂಚೆ ಉಟ್ಟು, ಪಂಚಾಂಗ ಹಿಡಿದು ಈ ಗೇಟಿನಲ್ಲೇ ಒಳಗೆ ಹೋಗುತ್ತಿದ್ದರಂತೆ. ಅತ್ತೆ ಗಮನ ಇಟ್ಟು ಕೇಳಿದರು. ನಮ್ಮ ಮನೆಯ ಸುದ್ದಿ ಅವರು ಕೇಳಿದ್ದು ಇದೇ ಮೊದಲು. ಆಮೇಲೆ ಅವರೂ ಹೇಳಿದರು: ಮಹೇಂದ್ರ ಮೂರನೇ ಕ್ಲಾಸಿನಲ್ಲಿದ್ದಾಗ ದಸರಾಕ್ಕೆ ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರಂತೆ ಅವನ ಅಪ್ಪ. ಆನೆ ಬರುವ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗಿಬಿಟ್ಟನಂತೆ. "ಎಬ್ಬಿಸಿದ್ರೂ ಏಳ್ನಿಲ್ಲ. ಬೆಳಿಗ್ಗೆ ಎದ್ದು, ಆನೆ ಎಲ್ಲಿ ಆನೆ ಎಲ್ಲಿ ಅಂತ ಒಂದೇ ಸಮ ಅಳು."

ಈ ಕತೆ ಅವನು ನನಗೆ ಹೇಳಿರಲಿಲ್ಲ. ಅವನಿಗೇ ನೆನಪಿತ್ತೋ ಇಲ್ಲವೋ.

ದೀಪ ಆರಿಸುವವರೆಗೂ ನಿಂತಿದ್ದೆವು. ಕಾಲು ನೋಯಿತು.

ಜುಲೈ 9, ಬುಧವಾರ

ಟ್ಯುಟೋರಿಯಲ್‌ನ ವಿಜಯ್‌ಕುಮಾರ್ ಸರ್ ಫೋನ್ ಮಾಡಿದ್ದರು. ಹತ್ತನೇ ಕ್ಲಾಸಿನ ಗಣಿತಕ್ಕೆ ನನ್ನ ಬದಲು ಬಂದ ಹೊಸಬರು ಬಿಟ್ಟುಹೋದರಂತೆ. "ಬೆಳಿಗ್ಗೆ ಒಂದು ಬ್ಯಾಚ್ ಸಾಕು ಮೇಡಂ, ಆಗುತ್ತಾ?" ಆಗಲ್ಲ ಸರ್ ಅಂದೆ.

ಅತ್ತೆ ಚಾಪೆಯ ಮೇಲೆ ಹುರುಳಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಬೆಳಿಗ್ಗೆ ತಾನೆ ಅಂದಿದ್ದು? ಬಸ್ಸಿಗೆ ನಾವ್ ಓಗದು ಮಧ್ಯಾನ್ನ."

ಜುಲೈ 21, ಸೋಮವಾರ

ಟ್ಯುಟೋರಿಯಲ್‌ಗೆ ಹೋದೆ. ಸಮರೂಪ ತ್ರಿಭುಜಗಳು. ಹಿಂದಿನ ಬೆಂಚಿನವರಿಗೆ ಏನೂ ಬರುವುದಿಲ್ಲ. ಆ ಹೊಸಬರು ಏನು ಪಾಠ ಮಾಡಿದ್ದರೋ ದೇವರಿಗೇ ಗೊತ್ತು.

ಮಧ್ಯಾಹ್ನ ಟಿ. ನರಸೀಪುರದ ರಸ್ತೆ, ವರುಣಾ ಕೆರೆ. ಕೆರೆ ತುಂಬಿದೆ. ನೀರಿನ ಮೇಲೆ ಗಾಳಿ ಓಡುವುದು ಬಸ್ಸಿನಿಂದಲೇ ಕಾಣುತ್ತದೆ. ಮುಂದಿನ ಸಲ ಇಳಿಯಬೇಕು.

ಆಗಸ್ಟ್ 5, ಮಂಗಳವಾರ

ಬಸ್ ಮುಷ್ಕರ. ಅತ್ತೆ ಬಾಗಿಲಿಗೂ ಹಾಲ್‌ಗೂ ಓಡಾಡಿದರು. ಕೊನೆಗೆ ನಾನೇ, ಕುಕ್ಕರಹಳ್ಳಿ ಕೆರೆ ಹತ್ತಿರ ತಾನೆ, ನಡೆದುಕೊಂಡು ಹೋಗೋಣ ಬನ್ನಿ ಅಂದೆ.

ಏರಿಯ ಮೇಲೆ ನಿಧಾನಕ್ಕೆ ಅರ್ಧ ದೂರ ನಡೆದು ಕಲ್ಲುಬೆಂಚಿನಲ್ಲಿ ಕೂತೆವು. ಎದುರಿಗೆ ನೀರು, ಆಚೆ ದಡದ ಮರಗಳ ಮೇಲೆ ಹಕ್ಕಿಗಳು, ಅದರಾಚೆ ಬೆಟ್ಟದ ಮೇಲೆ ಮೋಡ ಕೂತಿತ್ತು. ವರ್ಷಿಣಿಯ ವಿಷಯ ತೆಗೆದೆ.

"ಇದೇ ತಿಂಗಳು ಅವಳಿಗೆ. ನೀವು ಹೋಗಬೇಕಲ್ವಾ ಅತ್ತೆ?"

"ಓಗ್ಬೇಕು."

"ಮತ್ತೆ ಹೊರಡೋ ಮಾತೇ ಆಡ್ತಿಲ್ಲ?"

ಅವರು ಎಲೆಗೆ ಸುಣ್ಣ ಸವರುತ್ತಾ ಇದ್ದರು. "ನಿನ್ನ ಒಬ್ಬಳೇ ಬುಟ್ಟು ಓಗಕ್ಕೆ ಎದೆ ಬರಾಕಿಲ್ಲ."

"ನನಗೇನಾಗಿದೆ?"

"ಮಾರ್ಚಲ್ಲಿ ಒಂದಿನ ಅಡುಗೆಮನೇಲಿ ಮಾತ್ರೆ ಡಬ್ಬಿ ಮುಂದಿಟ್ಕಂಡ್ ಕೂತಿದ್ದೆ. ನಾನ್ ನೀರ್ ಕುಡಿಯಕ್ ಬಂದೆ. ನೋಡ್ದೆ."

ಆ ದಿನವನ್ನು ನಾನು ಎಲ್ಲೂ ಬರೆದಿಲ್ಲ. ಇಲ್ಲೂ ಬರೆಯುವುದಿಲ್ಲ ಅಂದುಕೊಂಡಿದ್ದೆ. ಅವರು ಚೊಂಬಿನಲ್ಲಿ ನೀರು ಕುಡಿದು, ಅಲ್ಲೇ ನಿಂತು, 'ಇವಳೇ, ನಾಳೆ ಸಾರಿಗೆ ಏನ್ ಮಾಡದು' ಅಂತ ಕೇಳಿದ್ದರು. ಏನೂ ಗೊತ್ತಾಗದ ಹೆಂಗಸು ಅಂತ ನಾನು ಒಳಗೊಳಗೇ ಬೈದುಕೊಂಡಿದ್ದೆ. ಮಾರನೇ ದಿನ ಡಬ್ಬಿ ಅವರ ಚೀಲ ಸೇರಿತ್ತು.

"ಆವತ್ತೇ ಯಾಕೆ ಕೇಳಲಿಲ್ಲ?"

"ಕೇಳಿದ್ರೆ, ಏನಿಲ್ಲ ಅಂತಿದ್ದೆ. ನಂಗೆ ನಿನ್ನಂಗೆ ಮಾತು ಬರಾಕಿಲ್ಲ ಕಣವ್ವ. ಮನೇಲೇ ಇದ್ರೆ ತಾನೆ ಅಂಗೆಲ್ಲಾ ಅನ್ಸದು, ಈಚೆಗ್ ಕರ್ಕಂಡ್ ಓಗಾನ ಅಂದ್ಕಂಡೆ. ಓದೋನ್ನಂತೂ ಉಳಿಸ್ಕಳಕ್ ಆಗ್ನಿಲ್ಲ, ಇರ ನಿನ್ನಾದ್ರೂ ನೋಡ್ಕಳಾನ ಅಂತ." ಎಲೆ ಮಡಿಚಿ ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಈಗ ಹೇಳು. ನಾನ್ ಓಗ್ಬೋದಾ?"

ಸುಳ್ಳು ಹೇಳಿದರೆ ಅವರಿಗೆ ಗೊತ್ತಾಗುತ್ತದೆ. ಯೋಚಿಸಿ, "ಹೋಗಿ ಅತ್ತೆ" ಅಂದೆ.

"ಖಂಡಿತಾನಾ?"

"ಖಂಡಿತ."

ನೋಡಿದರು. ಬೆಟ್ಟವನ್ನೋ ಕೆರೆಯನ್ನೋ ಅಲ್ಲ, ನನ್ನನ್ನು. ಆಮೇಲೆ "ನಡಿ, ಮೋಡ ಬತ್ತಾ ಅದೆ" ಅಂದರು. ಮನೆ ಸೇರುವಷ್ಟರಲ್ಲಿ ನೆನೆದಿದ್ದೆವು.

ಆಗಸ್ಟ್ 17, ಭಾನುವಾರ

ಬೆಳಿಗ್ಗೆ ಬೇಗ ಎದ್ದು ಸಯ್ಯಾಜಿರಾವ್ ರಸ್ತೆಗೆ ಹೋಗಿ ದಸರಾ ಆನೆಗಳ ತಾಲೀಮು ನೋಡಿದೆವು. ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಸಾಲಾಗಿ, ಸದ್ದಿಲ್ಲದೆ, ನಮ್ಮ ಮುಂದೆಯೇ ದಾಟಿದವು. ಅತ್ತೆ ಕೈ ಮುಗಿದರು. ಅಲ್ಲಿಂದಲೇ ಚೀಲ ಹಿಡಿದು ನಂಜನಗೂಡಿನ ಬಸ್ ಹತ್ತಿದೆವು.

ಕಡಕೊಳದಲ್ಲಿ ಅಶೋಕ ಬೈಕ್ ತಂದು ನಿಂತಿದ್ದ. ಚೀಲವನ್ನು ಟ್ಯಾಂಕಿನ ಮೇಲಿಟ್ಟುಕೊಂಡ. "ಅತ್ತಿಗೆ, ಮನೆಗೆ ಬಂದು ಊಟ ಮಾಡ್ಕೊಂಡು ಹೋಗಿ" ಅಂದ. ನಾಳೆ ಮಕ್ಕಳಿಗೆ ಟೆಸ್ಟ್ ಇದೆ, ಪ್ರಶ್ನೆ ಪತ್ರಿಕೆ ಮಾಡಬೇಕು ಅಂದೆ. ನಿಜವೇ.

ಅತ್ತೆ ಎಲೆ ಅಡಿಕೆ ಚೀಲ ಬಿಚ್ಚಿ ಮಾತ್ರೆ ಡಬ್ಬಿ ತೆಗೆದು ನನ್ನ ಕೈಗಿಟ್ಟರು. "ಇಷ್ಟ್ ಉಳ್ದವೆ. ನೀನೇ ಇಟ್ಕ."

ಕೈ ಚಾಚುವುದನ್ನು ನಾನು ಯಾವಾಗ ಬಿಟ್ಟೆ? ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ನೆನಪಾಗಲಿಲ್ಲ. ಡಬ್ಬಿಯನ್ನು ಸರಸ್ವತಿಪುರಂನ ಮೆಡಿಕಲ್ ಸ್ಟೋರಿನವರ ಕೈಗೆ ಕೊಟ್ಟು, ಬೇಡ, ನೀವೇ ಏನಾದರೂ ಮಾಡಿ ಅಂದೆ.

ಆಗಸ್ಟ್ 24, ಭಾನುವಾರ

ಮನೆ ತುಂಬ ದೊಡ್ಡದಾಗಿ ಕಾಣುತ್ತದೆ. ಚಾಪೆ ಸುತ್ತಿ ಮೂಲೆಯಲ್ಲಿ ನಿಲ್ಲಿಸಿ ಹೋಗಿದ್ದಾರೆ. ಟ್ಯುಟೋರಿಯಲ್ ಬಿಟ್ಟರೆ ಈ ವಾರ ಎಲ್ಲಿಗೂ ಹೋಗಲಿಲ್ಲ. ನಿನ್ನೆ ರಾತ್ರಿ ಊಟ ಮಾಡಲಿಲ್ಲ. ಮಹೇಂದ್ರನ ಬೈಕಿನ ಮೇಲಿನ ಧೂಳು ಒರೆಸಲು ಹೋಗಿ, ಒರೆಸದೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಬಹಳ ದಿನದ ಮೇಲೆ.

ಸಂಜೆ ಅಶೋಕನ ಫೋನ್. ಹೆಣ್ಣು ಮಗು. ಹಿಂದಿನಿಂದ ಅತ್ತೆಯ ದನಿ: "ಉಂಡ್ಲಾ ಕೇಳು, ಉಂಡ್ಲಾ ಕೇಳು." ಉಂಡೆ ಅಂತ ಹೇಳಿ ಅಂದೆ. ಫೋನ್ ಇಟ್ಟ ಮೇಲೆ ಅನ್ನಕ್ಕೆ ಇಟ್ಟೆ.

ಸೆಪ್ಟೆಂಬರ್ 14, ಭಾನುವಾರ

ಬೆಳಿಗ್ಗೆ ಬಟ್ಟೆ ಒಗೆದು, ತಿಂಡಿ ತಿಂದು, ಆಧಾರ್ ಕಾರ್ಡ್ ಪರ್ಸಿಗೆ ಹಾಕಿಕೊಂಡು ಹೊರಟೆ. ಒಬ್ಬಳೇ. ಬೆಟ್ಟದ ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ, ದಸರಾ ಹತ್ತಿರ ಬಂತು. ಮೇಲೆ ಇಳಿದು ಎಲ್ಲರೂ ಗುಡಿ ಕಡೆ ಹೋದರು. ನಾನು ಉತ್ತನಹಳ್ಳಿ ಕಡೆ ಇಳಿಯುವ ರಸ್ತೆಯಲ್ಲಿ ನಡೆದೆ. ಆ ಮಗ್ಗುಲಿಗೆ ಹೋಗಿದ್ದು ಇದೇ ಮೊದಲು. ಜನ ಇಲ್ಲ. ಒಂದು ತಿರುವಿನಲ್ಲಿ ಮರಗಳು ತೆರವಾಗಿ ದಕ್ಷಿಣ ಪೂರ್ತಿ ಕಾಣಿಸಿತು.

ಈ ಕಡೆ ಅರಮನೆ ಇಲ್ಲ, ಏನಿಲ್ಲ. ನಂಜನಗೂಡಿನ ರಸ್ತೆ, ವಿಮಾನ ನಿಲ್ದಾಣದ ಬಿಳಿ ಪಟ್ಟಿ, ರೈಲು ಹಳಿ, ಕಡಕೊಳದ ಫ್ಯಾಕ್ಟರಿಗಳ ಶೀಟಿನ ಚಾವಣಿ ಬಿಸಿಲಿಗೆ ಮಿಂಚುತ್ತಿತ್ತು. ಅದರಾಚೆ ಕೆಂಪು ಹೊಲ, ಹಸಿರು ಹೊಲ. ತೆಂಗಿನ ಮರಗಳ ಒಂದು ಗುಂಪು. ಅದೇ ಇರಬೇಕು ಅನ್ನಿಸಿತು. ಫೋನ್ ಮಾಡಿದೆ.

"ಅತ್ತೆ, ನಿಮ್ಮೂರು ಕಾಣುತ್ತಿದೆ."

"ಎಲ್ಲಿದ್ದೀಯ ನೀನು?"

"ಬೆಟ್ಟದ ಮೇಲೆ. ಹಿಂದುಗಡೆ. ಒಬ್ಬಳೇ ಬಂದೆ."

ನಾನು ಭಯ ಪಡಿಸಿದೆನೇನೋ ಅನ್ನಿಸಿ, "ಸುಮ್ಮನೆ ಬಂದೆ ಅತ್ತೆ, ನೋಡೋಕೆ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗ್ತೀನಿ, ಬಸ್ಸಾರು ಮಾಡಿಟ್ಟಿದ್ದೀನಿ" ಅಂದೆ.

"ಏನ್ ಸೊಪ್ಪು?"

"ದಂಟು."

"ಸರಿ. ಏನೇನ್ ಕಾಣ್ತದೆ ಹೇಳು."

ಹೇಳಿದೆ. ರಸ್ತೆ, ಹಳಿ, ಶೀಟುಗಳು, ಒಂದು ರೈಲು ನಿಧಾನಕ್ಕೆ ಹೋಗುತ್ತಿರುವುದು, ಯಾರೋ ಸುಟ್ಟ ಕಸದ ಹೊಗೆ ನೆಟ್ಟಗೆ ಏಳುತ್ತಿರುವುದು. ಒಂದು ಬಿಡದ ಹಾಗೆ ಹೇಳುತ್ತಾ ಹೋದೆ. ಅವರು ಹೂಂಗುಟ್ಟುತ್ತಿದ್ದರು. ಆಮೇಲೆ ಮೆಟ್ಟಿಲು ಹತ್ತುವ ಏದುಸಿರು ಕೇಳಿಸಿತು, ಕೈಯಲ್ಲಿದ್ದ ಕೂಸು ಕುಂಯ್ ಅಂದಿತು.

"ತಾರಸಿ ಮೇಲಕ್ ಬಂದೆ. ನಂಗೂ ಬೆಟ್ಟ ಕಾಣ್ತದೆ. ನೀನ್ ಎಲ್ಲಿದ್ದೀಯ ಮಗ? ಕೈ ಎತ್ತು."

ಅಷ್ಟು ದೂರಕ್ಕೆ ಆನೆ ನಿಂತರೂ ಕಾಣುವುದಿಲ್ಲ. ರಸ್ತೆಯಲ್ಲಿ ಸ್ಕೂಟರಿನವನೊಬ್ಬ ನನ್ನನ್ನೇ ನೋಡಿಕೊಂಡು ಹೋದ. ಕೈ ಎತ್ತಿದೆ.

"ಕಂಡೆ, ಕಂಡೆ" ಅಂದರು ಅತ್ತೆ. "ನೋಡ್ ಕೂಸೇ, ಅಲ್ಲವ್ಳೆ ನಿಮ್ ದೊಡ್ಡವ್ವ."

ಶುದ್ಧ ಸುಳ್ಳು. ಕೈ ಇಳಿಸಲು ಮನಸ್ಸಾಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.